ಹಾ-ಗೋ ಎಲ್ಲಿ ಸಿಗುತ್ತೆ? ಇಂಫಾಲ್ ಆಟಕ್ಕೆ ಟ್ಯಾಂಕ್ ಹುಡುಕುವ ಮೇಷ್ಟ್ರಿಗೆ ಉತ್ತರ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಗೆಳೆಯನೊಬ್ಬನ ಜೊತೆ ಎರಡು ವರ್ಷದಿಂದ ಮೇಜಿನ ಮೇಲೆ ಯುದ್ಧದ ಆಟ, ಅಂದರೆ ವಾರ್‌ಗೇಮ್ ಆಡುತ್ತಿದ್ದೇನೆ. ಇಲ್ಲಿಯವರೆಗೆ ಆಡಿದ್ದೆಲ್ಲ ಜರ್ಮನಿ, ರಷ್ಯಾ. ಈ ಸಲ 1944ರಲ್ಲಿ ಮಣಿಪುರದಲ್ಲಿ ಬ್ರಿಟಿಷರಿಗೂ ಜಪಾನಿಗೂ ನಡೆದ ಇಂಫಾಲ್ ಕಾಳಗ ಆಡಬೇಕು ಅಂತ ಇಬ್ಬರಿಗೂ ಆಸೆ. ಅಲ್ಲಿ ಹೋರಾಡಿದವರಲ್ಲಿ ನಮ್ಮವರೂ ಇದ್ದರು ಅಲ್ವಾ. ಆದರೆ ಜಪಾನಿನ ಹಾ-ಗೋ ಟ್ಯಾಂಕಿನ ಮಿನಿಯೇಚರ್ ಎಲ್ಲೂ ಸಿಗುತ್ತಿಲ್ಲ. ಜರ್ಮನ್ ಟೈಗರ್ ಹುಡುಕಿದರೆ ಹತ್ತು ಬಗೆ ಬರುತ್ತೆ. ಬ್ರಿಟಿಷರ ಕಡೆಗೆ ಅಂತ 1:72ರ (ನಿಜದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲಿನ) ಒಂದು ಲೀ ಟ್ಯಾಂಕಿನ ಕಿಟ್ ತಂದು ಜೋಡಿಸಿದ್ದೇನೆ. ಸೈನಿಕರ ಗೊಂಬೆ ಇನ್ನೂ ತಗೊಂಡಿಲ್ಲ. ಈಗ ಆನ್‌ಲೈನ್‌ನಲ್ಲಿ ಒಬ್ಬರು 28 ಎಂ.ಎಂ. ಅಳತೆಯ ಮೂರು ರೆಸಿನ್ (ಅಚ್ಚಿಗೆ ಹುಯ್ದು ಗಟ್ಟಿ ಮಾಡುವ ಪ್ಲಾಸ್ಟಿಕ್) ಹಾ-ಗೋ ಕೊಡುತ್ತೇನೆ ಅನ್ನುತ್ತಿದ್ದಾರೆ. "ಲಿಮಿಟೆಡ್ ಮಾಲು, ಮತ್ತೆ ಬರಲ್ಲ. ನಿಮ್ಮ ಲೀ ಉದ್ದ ಅಳೆದು ನೋಡಿ, ಎರಡೂ ಒಂದೇ ಸೈಜು, ಹೊಂದುತ್ತೆ" ಅಂತ ಒತ್ತಾಯ. ಬೆಲೆ ಜಾಸ್ತಿ. ತಗೊಳ್ಳಲಾ? ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಕಾಟ ಎಷ್ಟು? 3ಡಿ ಪ್ರಿಂಟ್ ಮಾಡಿಸಬಹುದಾ? ಒಂಬತ್ತು ವರ್ಷದ ಮಗಳೂ ಜೊತೆಗೆ ಕೂರುತ್ತಾಳೆ, ಅದನ್ನೂ ನೋಡಬೇಕು.

ಉತ್ತರ: ಮೇಷ್ಟ್ರೇ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಆ ಮೂರು ಹಾ-ಗೋಗಳಿಗೆ ಇನ್ನೂ ದುಡ್ಡು ಕಳಿಸಬೇಡಿ. ಅವು ಕೆಟ್ಟ ಮಾದರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಲೀ ಪಕ್ಕದಲ್ಲಿ ಅವು ಹೊಂದುವುದಿಲ್ಲ, ಅಷ್ಟೇ. ಯಾಕೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ನಿಜವಾದ ಹಾ-ಗೋ 4.38 ಮೀಟರ್ ಉದ್ದ. ನಿಜವಾದ ಲೀ 5.64 ಮೀಟರ್. 28 ಎಂ.ಎಂ. ಅಂತ ಮಾರುವ ವಾಹನಗಳು ಸಾಮಾನ್ಯವಾಗಿ 1:56 ಅಳತೆಯವು. 4.38 ಮೀಟರನ್ನು 56ರಿಂದ ಭಾಗಿಸಿ, 78 ಮಿಲಿಮೀಟರ್ ಬರುತ್ತೆ. ಈಗ 5.64 ಮೀಟರನ್ನು 72ರಿಂದ ಭಾಗಿಸಿ. ಅದೂ 78 ಮಿಲಿಮೀಟರ್! ಮಾರುವವರು ಹೇಳಿದ ಅಳತೆ ಸರಿಯಾಗೇ ಇದೆ. ಎರಡೂ ಮೇಜಿನ ಮೇಲೆ ಒಂದೇ ಉದ್ದ ಬರುತ್ತವೆ. ತಪ್ಪು ಇರುವುದೇ ಅಲ್ಲಿ. ಒಂದೇ ಉದ್ದ ಬರಲೇಬಾರದಿತ್ತು.

ಹಾ-ಗೋ ಏಳೂವರೆ ಟನ್ನಿನ ಪುಟ್ಟ ಟ್ಯಾಂಕ್. ಒಳಗೆ ಮೂರು ಜನ. ಕವಚದ ದಪ್ಪ ಸುಮಾರು 12 ಮಿ.ಮೀ. ಲೀ ಸುಮಾರು 27 ಟನ್. ಮೂರು ಮೀಟರಿಗಿಂತ ಎತ್ತರ, ಒಳಗೆ ಆರೇಳು ಜನ, ಪಕ್ಕದಲ್ಲೊಂದು 75 ಮಿ.ಮೀ. ತೋಪು, ಮೇಲೆ ಇನ್ನೊಂದು 37 ಮಿ.ಮೀ. ತೋಪು. ಎಮ್ಮೆ ಎದುರು ಕರು ನಿಂತ ಹಾಗೆ. 1944ರ ಮಾರ್ಚಿನಲ್ಲಿ ಬರ್ಮಾ ಗಡಿಯ ತಮು ರಸ್ತೆಯಲ್ಲಿ ಇವೆರಡೂ ಎದುರಾದಾಗ ಹಾ-ಗೋಗಳು ಉಳಿಯಲಿಲ್ಲ. ಆ ಅಸಮ ಜೋಡಿಯೇ ಇಂಫಾಲ್ ಆಟದ ಜೀವ. ನಿಮ್ಮ ಮೇಜಿನ ಮೇಲೆ ಎರಡೂ ಸರಿಸಮ ನಿಂತರೆ ಆಡುವವರ ಕಣ್ಣು ಬೇರೇನೋ ಕಥೆ ಓದುತ್ತೆ. ನಾನು ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೆ. ಎರಡು ಬೇರೆ ಬೇರೆ ಅಳತೆಯ ಟ್ಯಾಂಕ್‌ಗಳಿಗೆ ತಿಂಗಳುಗಟ್ಟಲೆ ಬಣ್ಣ ಬಳಿದು, ಕೊನೆಗೆ ಒಂದು ಗುಂಪನ್ನು ಪೂರ್ತಿ ಕೈಬಿಡಬೇಕಾಯಿತು. ಆ ಬೇಸರ ಇನ್ನೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "28 ಎಂ.ಎಂ." ಅನ್ನುವುದು ಟ್ಯಾಂಕಿನ ಅಳತೆ ಅಲ್ಲ, ಸೈನಿಕನ ಗೊಂಬೆಯ ಎತ್ತರ. ಅದನ್ನೂ ಕೆಲವರು ಪಾದದಿಂದ ಕಣ್ಣಿಗೆ ಅಳೆಯುತ್ತಾರೆ, ಕೆಲವರು ತಲೆಗೆ. ಗೊಂಬೆ ನಿಲ್ಲುವ ಬೇಸ್ ಸೇರಿದರೆ ಇನ್ನೂ ಎರಡು ಮೂರು ಮಿ.ಮೀ. ಏರುತ್ತೆ. ಹಾಗಾಗಿ 28 ಎಂ.ಎಂ. ಹೆಸರಿನಲ್ಲಿ 1:56 ಕೂಡ ಮಾರುತ್ತಾರೆ, 1:50 ಕೂಡ, 1:48 ಕೂಡ. ಕೊಳ್ಳುವಾಗ "ಎಷ್ಟು ಎಂ.ಎಂ.?" ಅಂತ ಕೇಳಬೇಡಿ. "ಸ್ಕೇಲ್ ಒಂದಕ್ಕೆ ಎಷ್ಟು? ಮಾದರಿಯ ಉದ್ದ ಎಷ್ಟು?" ಅಂತ ಕೇಳಿ. ಉದ್ದ ಗೊತ್ತಾದರೆ ಉಳಿದ ಲೆಕ್ಕ ನಿಮ್ಮದೇ. 1:72 ಮತ್ತು 1:76 ಬೆರೆಸಿದರೆ ಹೆಚ್ಚುಕಡಿಮೆ ಐದು ಪರ್ಸೆಂಟ್ ವ್ಯತ್ಯಾಸ, ಒಂದು ಮಾರು ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. 1:56 ಮತ್ತು 1:72 ಬೆರೆಸಿದರೆ ಮಾತ್ರ ಬಾಗಿಲಲ್ಲಿ ನಿಂತವರಿಗೂ ಗೊತ್ತಾಗುತ್ತೆ.

ಈಗ ನಿಮ್ಮ ದೊಡ್ಡ ಪ್ರಶ್ನೆ: ಹಾ-ಗೋ ಯಾಕೆ ಸಿಗಲ್ಲ? ಅಪರೂಪದ ಟ್ಯಾಂಕ್ ಆದ್ದರಿಂದ ಅಂತ ನೀವು ಅಂದುಕೊಂಡಿರಬಹುದು. ಜಪಾನ್ ಸುಮಾರು 2,300 ಹಾ-ಗೋ ಮಾಡಿತ್ತು. ಜರ್ಮನಿ ಮಾಡಿದ ಟೈಗರ್-1 ಟ್ಯಾಂಕ್‌ಗಳು ಸುಮಾರು 1,350 ಮಾತ್ರ. ಅಂದರೆ ಯುದ್ಧದಲ್ಲಿ ಹಾ-ಗೋ ಟೈಗರಿಗಿಂತ ಜಾಸ್ತಿ ಇತ್ತು. ಇನ್ನೊಂದು ಉದಾಹರಣೆ ನೋಡಿ. ಜರ್ಮನಿಯ ಮೌಸ್ ಅನ್ನುವ 188 ಟನ್ನಿನ ದೈತ್ಯ ಟ್ಯಾಂಕ್ ತಯಾರಾದದ್ದು ಎರಡೇ ಎರಡು. ಈಗ ಉಳಿದಿರುವುದು ಆ ಎರಡರ ಭಾಗ ಸೇರಿಸಿದ ಒಂದು, ರಷ್ಯಾದ ಕುಬಿಂಕಾದಲ್ಲಿ. ಆದರೂ ಅದರ ಮಾದರಿ ಸಣ್ಣದು ದೊಡ್ಡದು ಹಲವು ಅಳತೆಯಲ್ಲಿ ಸಿಗುತ್ತೆ. ಯುದ್ಧಭೂಮಿಯಲ್ಲಿ ಅಪರೂಪ ಆಗುವುದು ಬೇರೆ, ಅಂಗಡಿಯಲ್ಲಿ ಅಪರೂಪ ಆಗುವುದು ಬೇರೆ. ಕಾರ್ಖಾನೆ ಎಷ್ಟು ಟ್ಯಾಂಕ್ ಮಾಡಿತು ಅನ್ನುವುದಕ್ಕೂ ಅಂಗಡಿಗೂ ಸಂಬಂಧವೇ ಇಲ್ಲ. ಇವತ್ತು ಎಷ್ಟು ಜನ ಆ ಕಾಳಗ ಆಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೊಳ್ಳುವವರು ಹೆಚ್ಚಾಗಿ ಯುರೋಪ್, ಅಮೆರಿಕದವರು. ಅವರು ಆಡುವುದು ನಾರ್ಮಂಡಿ, ಕುರ್ಸ್ಕ್, ಉತ್ತರ ಆಫ್ರಿಕಾ. ಬರ್ಮಾ ಕಡೆ ಯಾರೂ ಅಷ್ಟಾಗಿ ತಿರುಗುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ. ನಮ್ಮ ಹಳ್ಳಿಗಳಿಂದ ಹೋದ ಹುಡುಗರು ಲಕ್ಷಗಟ್ಟಲೆ ಇದ್ದ ಸೈನ್ಯ ಅದು.

ಇದರ ಹಿಂದೆ ಅಚ್ಚಿನ ಲೆಕ್ಕವೂ ಇದೆ. ಪ್ಲಾಸ್ಟಿಕ್ ಕಿಟ್ ಬರುವುದು ಉಕ್ಕಿನ ಅಚ್ಚಿನಿಂದ. ಅಚ್ಚು ಕೊರೆಸಲು ದೊಡ್ಡ ಬಂಡವಾಳ ಬೇಕು, ಆದರೆ ಒಮ್ಮೆ ಆದರೆ ಸಾವಿರಾರು ಕಿಟ್ ತೆಗೆಯಬಹುದು. ಸಾವಿರಾರು ಕೊಳ್ಳುವವರಿದ್ದರೆ ಮಾತ್ರ ಅದಕ್ಕೆ ಕೈಹಾಕುತ್ತಾರೆ. ಕೊಳ್ಳುವವರು ಕಡಿಮೆ ಇದ್ದರೆ ರಬ್ಬರಿನಂಥ ಸಿಲಿಕೋನ್ ಅಚ್ಚು ಮಾಡಿ ರೆಸಿನ್ ಹುಯ್ಯುತ್ತಾರೆ. ಈ ಅಚ್ಚು ಮಾಡುವುದು ಅಗ್ಗ. ಆದರೆ ಹತ್ತಾರು ಸಲ ಹುಯ್ದರೆ ಅಂಚು ಹರಿಯುತ್ತೆ, ಮತ್ತೆ ಹೊಸ ಅಚ್ಚು ಬೇಕು. ಅದಕ್ಕೇ ರೆಸಿನ್ ಟ್ಯಾಂಕ್ ದುಬಾರಿ. ಅದಕ್ಕೇ ಅದು ಆಗಾಗ "ಸ್ಟಾಕ್ ಇಲ್ಲ" ಅಂತ ತೋರಿಸುತ್ತೆ. ನಾನು ಕೆಲವು ವರ್ಷ ಮನೆಯಲ್ಲೇ ರೆಸಿನ್ ಹುಯ್ದವನು. ಸ್ಟಾಕ್ ಇಲ್ಲ ಅಂದರೆ ಬಹಳ ಸಲ ಅರ್ಥ ಇಷ್ಟೇ: ಹಳೇ ಅಚ್ಚು ಸವೆದಿದೆ, ಮೂಲ ಮಾದರಿ ಕಪಾಟಿನಲ್ಲಿದೆ, ನಾಲ್ಕು ಆರ್ಡರ್ ಸೇರಿದರೆ ಮತ್ತೆ ಹುಯ್ಯುತ್ತಾರೆ. "ಮತ್ತೆ ಬರಲ್ಲ" ಅನ್ನುವ ಮಾತು ಕೆಲವೊಮ್ಮೆ ನಿಜ, ಬಹಳ ಸಲ ಅಲ್ಲ. ಮಾಡಿದ ಕಂಪನಿಗೇ ಒಂದು ಇ-ಮೇಲ್ ಹಾಕಿ ಕೇಳಿ. ಸಣ್ಣ ಕಂಪನಿಯವರು ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ.

ಆ ಮೂರು ಹಾ-ಗೋ ಯಾವ ಕಂಪನಿಯವು ಅಂತ ಕೇಳಿದಿರಾ? ಹೇಳದಿದ್ದರೆ ಅನುಮಾನ ಪಡಿ. ಬೇರೆಯವರ ಮಾದರಿ ಕೊಂಡು, ಅದರ ಮೇಲೇ ಅಚ್ಚು ತೆಗೆದು ಹುಯ್ದು ಮಾರುವವರು ಇದ್ದಾರೆ. ಅದಕ್ಕೆ ರೀಕಾಸ್ಟ್ ಅನ್ನುತ್ತಾರೆ. ಹತ್ತಿರದಿಂದ ತೆಗೆದ ಫೋಟೋ ಕೇಳಿ. ಹಾ-ಗೋ ಮೈತುಂಬ ರಿವೆಟ್ಟು ಇರುವ ಟ್ಯಾಂಕ್. ಆ ರಿವೆಟ್ಟುಗಳು ಸಾಬೂನಿನಂತೆ ಕರಗಿ ಕಂಡರೆ, ಚಕ್ರಗಳ ಮಧ್ಯೆ ಗಾಳಿಗುಳ್ಳೆಯ ತೂತುಗಳಿದ್ದರೆ, ಅದು ಬಹುಶಃ ರೀಕಾಸ್ಟ್. ಮೂಲಕ್ಕಿಂತ ಸ್ವಲ್ಪ ಕುಗ್ಗಿಯೂ ಇರುತ್ತೆ. ಮೂಲ ಕೆತ್ತಿದವನಿಗೆ ಅದರಿಂದ ಒಂದು ಪೈಸೆ ಹೋಗುವುದಿಲ್ಲ. ಬರ್ಮಾದ ಟ್ಯಾಂಕ್ ಮಾಡುವವರೇ ಬೆರಳೆಣಿಕೆ. ಅವರ ಹೊಟ್ಟೆಗೆ ಹೊಡೆದರೆ ಮುಂದಿನ ಮಾದರಿ ಯಾರು ಮಾಡುತ್ತಾರೆ?

ಹುಡುಕುವ ರೀತಿಯಲ್ಲೂ ಒಂದು ತೊಡಕು ಇದೆ. ಅಮೆರಿಕದವರು ಲೀ ಟ್ಯಾಂಕಿಗೆ ಎಂ3 ಅಂದರು. ಸ್ಟುಅರ್ಟ್ ಅನ್ನುವ ಹಗುರ ಟ್ಯಾಂಕಿಗೂ ಎಂ3 ಅಂದರು. ಹಿಂದೆ ಚೈನು, ಮುಂದೆ ಚಕ್ರ ಇರುವ ಹಾಫ್‌ಟ್ರ್ಯಾಕ್ ಗಾಡಿಗೂ ಎಂ3, ಒಂದು ಸ್ಕೌಟ್ ಕಾರಿಗೂ ಎಂ3. ಬರೀ ಎಂ3 ಅಂತ ಹುಡುಕಿದರೆ ನಾಲ್ಕೂ ಬಂದು ಬೀಳುತ್ತವೆ. ಜಪಾನಿನದು ಇನ್ನೊಂದು ಬಗೆ. ಅವರು ತಮ್ಮ ಸಾಮ್ರಾಜ್ಯದ ವರ್ಷ ಎಣಿಕೆಯ ಕೊನೆಯ ಎರಡು ಅಂಕಿ ಇಡುತ್ತಿದ್ದರು. 2595, ಅಂದರೆ ನಮ್ಮ 1935, ಆದ್ದರಿಂದ ಹಾ-ಗೋ ಟೈಪ್ 95. 1937ಕ್ಕೆ ಟೈಪ್ 97. ಆದರೆ ಟೈಪ್ 97 ಹೆಸರಲ್ಲಿ ಚಿ-ಹಾ ಅನ್ನುವ 15 ಟನ್ನಿನ ಟ್ಯಾಂಕೂ ಇದೆ, ಟೆ-ಕೆ ಅನ್ನುವ ಪುಟಾಣಿ ಟ್ಯಾಂಕೆಟ್ಟೂ ಇದೆ. ಅದಕ್ಕೇ ನಂಬರ್ ಬಿಟ್ಟು ಹೆಸರು ಹಾಕಿ ಹುಡುಕಿ: ಹಾ-ಗೋ, ಚಿ-ಹಾ, ಲೀ, ಸ್ಟುಅರ್ಟ್. ನಡುವೆ ಅಡ್ಡಗೆರೆ ಇಟ್ಟು ಒಮ್ಮೆ, ಇಡದೆ ಒಮ್ಮೆ.

ಈಗ ದಾರಿಗಳ ಮಾತು. ನನ್ನ ಹತ್ತಿರ ಬರುವ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತೇನೆ: ನಿಮ್ಮ ಪಟ್ಟಿಯಲ್ಲಿ ಹುಡುಕಲು ಅತಿ ಕಷ್ಟವಾದ ಟ್ಯಾಂಕ್ ಯಾವ ಅಳತೆಯಲ್ಲಿ ಸಿಗುತ್ತೋ, ಅದೇ ನಿಮ್ಮ ಆಟದ ಅಳತೆ. ಎಲ್ಲರೂ ಉಲ್ಟಾ ಮಾಡುತ್ತಾರೆ. ಸುಲಭವಾಗಿ ಸಿಕ್ಕಿದ್ದನ್ನು ಮೊದಲು ಕೊಳ್ಳುತ್ತಾರೆ, ಆಮೇಲೆ ಕಷ್ಟದ್ದು ಬೇರೆ ಅಳತೆಯಲ್ಲಿ ಎದುರಾಗುತ್ತೆ. ನಿಮಗೂ ಆಗಿದ್ದು ಅದೇ. ಶೆರ್ಮನ್, ಲೀ ಎಲ್ಲ ಅಳತೆಯಲ್ಲೂ ಸಿಗುತ್ತವೆ. ಹಾ-ಗೋ ಹಾಗಲ್ಲ.

28 ಎಂ.ಎಂ.ನಲ್ಲಿ ಹೋಗುವುದಾದರೆ ಇಂಗ್ಲೆಂಡಿನ ವಾರ್‌ಲಾರ್ಡ್ ಗೇಮ್ಸ್‌ನವರಿಗೆ ಬೋಲ್ಟ್ ಆ್ಯಕ್ಷನ್ ಆಟಕ್ಕಾಗಿ ಜಪಾನಿನದೇ ಒಂದು ಸಾಲು ಇದೆ. ಹಾ-ಗೋ, ಚಿ-ಹಾ ಎರಡೂ ಅದರಲ್ಲಿ ಬಂದಿವೆ. ಹಾಂಗ್‌ಕಾಂಗಿನ ರೂಬಿಕಾನ್ ಮಾಡೆಲ್ಸ್‌ನ ಪ್ಲಾಸ್ಟಿಕ್ ಸ್ಟುಅರ್ಟ್ 1:56ರಲ್ಲಿ ಚೆನ್ನಾಗಿದೆ. ಆದರೆ ಈ ಅಳತೆಗೆ ಆರು ಅಡಿ, ನಾಲ್ಕು ಅಡಿ ಮೇಜು ಬೇಕು. ಲೀ ಒಂದೇ ಹತ್ತು ಸೆಂಟಿಮೀಟರ್ ಆಗುತ್ತೆ. 15 ಎಂ.ಎಂ. ಅಂದರೆ 1:100. ನ್ಯೂಜಿಲೆಂಡಿನ ಬ್ಯಾಟಲ್‌ಫ್ರಂಟ್‌ನವರು ಫ್ಲೇಮ್ಸ್ ಆಫ್ ವಾರ್ ಆಟಕ್ಕೆ ಈ ಅಳತೆಯಲ್ಲೇ ಮಾಡುವುದು, ಜಪಾನಿನ ಟ್ಯಾಂಕ್‌ಗಳನ್ನೂ ಮಾಡಿದ್ದಾರೆ. ಹಾ-ಗೋ ಇಲ್ಲಿ 44 ಮಿ.ಮೀ., ಲೀ 56. ಊಟದ ಮೇಜಿನಲ್ಲೇ ಆಡಬಹುದು, ಬಣ್ಣ ಹಚ್ಚುವುದೂ ಬೇಗ. ಇನ್ನೂ ಸಣ್ಣದು ಬೇಕಾದರೆ ಅಮೆರಿಕದ ಜಿಎಚ್‌ಕ್ಯೂ ಅವರ 1:285 ಲೋಹದ ಟ್ಯಾಂಕ್‌ಗಳು. ಹಾ-ಗೋ ಬೆರಳ ತುದಿಯಷ್ಟು, 15 ಮಿ.ಮೀ. ಇಡೀ ಇಂಫಾಲ್ ಬಯಲನ್ನು ಒಂದು ಮೇಜಿಗೆ ತರಬೇಕು ಅನ್ನುವವರಿಗೆ ಅದು ಸರಿ.

ನೀವು ಈಗಾಗಲೇ ಕಾಲಿಟ್ಟಿರುವ 1:72ರಲ್ಲಿ ಲೀ, ಸ್ಟುಅರ್ಟ್ ಎರಡಕ್ಕೂ ಪೋಲೆಂಡಿನ ಮಿರಾಜ್ ಹಾಬಿಯವರ ಕಿಟ್‌ಗಳಿವೆ. ಏರ್‌ಫಿಕ್ಸ್‌ನ ಹಳೇ 1:76 ಲೀ ಕೂಡ ಪಕ್ಕದಲ್ಲಿ ನಿಲ್ಲುತ್ತೆ. ಜಪಾನಿನ ಫುಜಿಮಿಯವರು 1:76ರಲ್ಲಿ ಚಿ-ಹಾ ಮಾಡಿದ್ದರು. ಹಾ-ಗೋ ಕಿಟ್ ಈ ಅಳತೆಯಲ್ಲಿ ನಿಮಗೆ ಸಿಗದಿದ್ದರೆ 3ಡಿ ಪ್ರಿಂಟೇ ಹತ್ತಿರದ ದಾರಿ. ಇನ್ನೊಂದು ಎಚ್ಚರ. ಜಪಾನಿನ ಟ್ಯಾಂಕ್ ಅಂತ ಹುಡುಕಿದರೆ ಟಾಮಿಯಾ, ಫೈನ್ ಮೋಲ್ಡ್ಸ್‌ನ ಅಂದವಾದ ಡಬ್ಬಿಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅವು ಹೆಚ್ಚಾಗಿ 1:35, ಗಾಜಿನ ಕಪಾಟಿನಲ್ಲಿ ಇಡುವುದಕ್ಕೆ. ಮೇಜಿನ ಆಟಕ್ಕೆ ಅಲ್ಲ.

ಕಸ್ಟಮ್ಸ್ ಬಗ್ಗೆ ನೇರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜನ ಕೈ ಸುಟ್ಟುಕೊಂಡಿದ್ದಾರೆ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾದರಿಗಳು ಆಟಿಕೆಗಳ ಜೊತೆಗೇ ಬರುತ್ತವೆ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ 20 ಪರ್ಸೆಂಟಿನಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. ದರ ಬಜೆಟ್ಟಿಂದ ಬಜೆಟ್ಟಿಗೆ ಬದಲಾಗುತ್ತೆ, ಹಾಗಾಗಿ ಆರ್ಡರ್ ಹಾಕುವ ವಾರವೇ ಈಗಿನ ದರ ನೋಡಿಕೊಳ್ಳಿ. ಲೆಕ್ಕ ಹೇಗೆ ಅಂದರೆ, ಮಾಲಿನ ಬೆಲೆ ಎರಡು ಸಾವಿರ, ಕಳಿಸುವ ಖರ್ಚು ಒಂದೂವರೆ ಸಾವಿರ ಅಂತಿಟ್ಟುಕೊಳ್ಳಿ. ಸುಂಕ ಬೀಳುವುದು ಎರಡೂ ಸೇರಿದ ಮೂರೂವರೆ ಸಾವಿರದ ಮೇಲೆ. ಆಟಿಕೆಯ ಆ 70ರ ದರವೇ ಬಿದ್ದರೆ ಅದೇ 2,450 ರೂಪಾಯಿ. ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಅದರ ಮೇಲೆ ಬೇರೆ. ಆದ್ದರಿಂದ ಒಂದೊಂದೇ ತರಿಸುವುದು ದಂಡ. ಇಬ್ಬರು ಮೂವರು ಸೇರಿ ಒಂದೇ ಪಾರ್ಸೆಲ್ ಮಾಡಿಸಿದರೆ ಕಳಿಸುವ ಖರ್ಚಾದರೂ ಹಂಚಿಹೋಗುತ್ತೆ.

"ಗಿಫ್ಟ್ ಅಂತ ಬರೆದು ಕಳಿಸಿ" ಅಂತ ಮಾರುವವರಿಗೆ ಹೇಳುವ ಹಳೇ ಉಪಾಯ ಇದೆ. ದಯವಿಟ್ಟು ಮಾಡಬೇಡಿ. 2019ರ ಡಿಸೆಂಬರಿನಲ್ಲೇ ಅಂಚೆ, ಕೊರಿಯರ್ ಮೂಲಕ ಗಿಫ್ಟ್ ಹೆಸರಲ್ಲಿ ಮಾಲು ತರಿಸುವುದನ್ನು ಸರ್ಕಾರ ನಿಲ್ಲಿಸಿತು. ಜೀವ ಉಳಿಸುವ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಇಟ್ಟರು. ಹಾಗೆ ಬರೆಸಿದರೆ ಪಾರ್ಸೆಲ್ಲೇ ಹೋಗಬಹುದು. ಇನ್ನೊಂದು, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ವಾರ್‌ಗೇಮ್ ಕಿಟ್‌ಗಳು ದೊಡ್ಡವರಿಗೆ ಮಾಡಿದ್ದು. ಡಬ್ಬಿಯ ಮೇಲೆ 14+ ಅಂತ ಇದೆಯಾ ನೋಡಿ. ಬಿಲ್ಲಿನಲ್ಲಿ ಸುಮ್ನೆ "ಟಾಯ್" ಅಂತ ಗೀಚದೆ, "ಜೋಡಿಸುವ ಸ್ಕೇಲ್ ಮಾದರಿ, 14 ವರ್ಷ ಮೇಲ್ಪಟ್ಟವರಿಗೆ" ಅಂತ ನಿಜವನ್ನೇ ಬರೆಯಲು ಹೇಳಿ. ನನ್ನ ಅನುಭವದಲ್ಲಿ ಇದರಿಂದ ತಡ ಕಡಿಮೆಯಾಗಿದೆ. ಪೂರ್ತಿ ಭರವಸೆ ಕೊಡಲಾರೆ.

3ಡಿ ಪ್ರಿಂಟ್ ಈ ಹತ್ತು ವರ್ಷದಲ್ಲಿ ನಮ್ಮಂಥವರಿಗೆ ಸಿಕ್ಕ ದೊಡ್ಡ ಉಪಕಾರ. ಅಚ್ಚು ಬೇಡ, ಸಾವಿರ ಗಿರಾಕಿ ಬೇಡ. ಒಬ್ಬ ಕಲಾವಿದ ಕಂಪ್ಯೂಟರಿನಲ್ಲಿ ಕೆತ್ತಿದ ಕಡತವನ್ನು ನೀವು ದುಡ್ಡು ಕೊಟ್ಟು ಇಳಿಸಿಕೊಂಡರೆ, ಇಲ್ಲೇ ಯಾರಾದರೂ ಪ್ರಿಂಟ್ ಮಾಡಿಕೊಡುತ್ತಾರೆ. ಪಾರ್ಸೆಲ್ ಕಾಯುವ ಕೆಲಸ ಇಲ್ಲ. ಹುಬ್ಬಳ್ಳಿ, ಬೆಂಗಳೂರಿನಂಥ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಕೈಯಲ್ಲೂ ಪ್ರಿಂಟರ್ ಇರುತ್ತೆ. ಆದರೆ ಪ್ಲಾಸ್ಟಿಕ್ ತಂತಿ ಕರಗಿಸಿ ಪದರ ಪದರ ಇಡುವ ಪ್ರಿಂಟರ್ ಬೇರೆ, ದ್ರವ ರೆಸಿನ್‌ಗೆ ಬೆಳಕು ಹಾಯಿಸಿ ಗಟ್ಟಿ ಮಾಡುವ ಪ್ರಿಂಟರ್ ಬೇರೆ. ಮೊದಲನೆಯದರಲ್ಲಿ ಟ್ಯಾಂಕಿನ ಮೈಮೇಲೆ ಗೆರೆಗೆರೆ ಉಳಿಯುತ್ತೆ. ಹಾ-ಗೋದ ರಿವೆಟ್ಟು ಕಾಣಬೇಕಾದರೆ ರೆಸಿನ್ ಪ್ರಿಂಟರಿನಲ್ಲೇ ಮಾಡಿಸಿ.

ಇನ್ನೊಂದು ಅನುಕೂಲ: ಕಡತದ ಅಳತೆ ಬದಲಿಸಬಹುದು. 1:56ಕ್ಕೆ ಮಾಡಿದ ಹಾ-ಗೋವನ್ನು 77.8 ಪರ್ಸೆಂಟಿಗೆ ಇಳಿಸಿದರೆ ಸರಿಯಾಗಿ 1:72 ಆಗುತ್ತೆ, 61 ಮಿ.ಮೀ. ಉದ್ದ. ನಿಮ್ಮ 78 ಮಿ.ಮೀ. ಲೀ ಪಕ್ಕ ಅದು ಹೇಗೆ ಕಾಣಬೇಕೋ ಹಾಗೆ ಕಾಣುತ್ತೆ. ಆದರೆ ಇಳಿಸಿದಾಗ ತೆಳ್ಳಗಿನ ಭಾಗಗಳು ಇನ್ನೂ ತೆಳ್ಳಗಾಗುತ್ತವೆ. ತೋಪಿನ ನಳಿಕೆ, ಮೆಷಿನ್ ಗನ್ನಿನ ತುದಿ ಮುಟ್ಟಿದರೆ ಮುರಿಯುತ್ತೆ. ಅದನ್ನು ಪ್ರಿಂಟ್ ಮಾಡಿಸಲೇಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ದಪ್ಪ ಇಂಜೆಕ್ಷನ್ ಸೂಜಿಯ ಚೂಪು ತುದಿ ಅರದಿಂದ ಉಜ್ಜಿ ತೆಗೆದು, ಬೇಕಾದ ಉದ್ದಕ್ಕೆ ಕತ್ತರಿಸಿ ಅಂಟಿಸಿ. ನಡುವೆ ತೂತು ಇರುವ ಉಕ್ಕಿನ ನಳಿಕೆ, ಹುಡುಗರು ಎತ್ತಿ ಇಟ್ಟರೂ ಬಾಗುವುದಿಲ್ಲ. ಪ್ರಿಂಟ್ ಮಾಡಿಸುವ ಮೊದಲು ಕಡತದ ಷರತ್ತು ಓದಿ. ಬಹಳ ಕಲಾವಿದರು ಸ್ವಂತಕ್ಕೆ ಎಷ್ಟಾದರೂ ಮಾಡಿಕೊಳ್ಳಿ, ಮಾರಬೇಡಿ ಅನ್ನುತ್ತಾರೆ. ಅದನ್ನು ಪಾಲಿಸಿ.

ರೆಸಿನ್ ಪ್ರಿಂಟಿನ ಅಪಾಯ ಒಂದೇ, ಆದರೆ ಅದು ಸಣ್ಣದಲ್ಲ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ತರುತ್ತೆ. ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ಏಳುತ್ತೆ. ನಾನು ಗ್ಲೌಸ್ ಇಲ್ಲದೆ ಕೆಲಸ ಮಾಡಿ ಎರಡೂ ಮುಂಗೈಗೆ ಗಂಧೆ ಬರಿಸಿಕೊಂಡವನು. ಮಾಡಿಸಿಕೊಂಡ ಪ್ರಿಂಟ್ ಕೈಗೆ ಬಂದಾಗ ಅಂಟು ಅಂಟಾಗಿದ್ದರೆ, ವಾಸನೆ ಜೋರಾಗಿದ್ದರೆ, ಅದು ಪೂರ್ತಿ ಗಟ್ಟಿಯಾಗಿಲ್ಲ. ವಾಪಸ್ ಕೊಟ್ಟು ಚೆನ್ನಾಗಿ ತೊಳೆದು ಮತ್ತೆ ಬೆಳಕಿಗೆ ಇಡಲು ಹೇಳಿ. ಗಟ್ಟಿಯಾದ ಮೇಲೆ ಉಜ್ಜುವುದಿದ್ದರೆ ಮಾಸ್ಕ್ ಹಾಕಿ, ನೀರಿನಲ್ಲಿ ಅದ್ದಿ ಉಜ್ಜಿ. ದೂಳು ಏಳಬಾರದು.

ಇನ್ನು ನನಗೆ ತುಂಬ ಇಷ್ಟವಾದ ದಾರಿ ಹೇಳುತ್ತೇನೆ. ಹಾ-ಗೋ ಸಿಗುವವರೆಗೆ ನೀವು ಸುಮ್ನೆ ಕಾಯಬೇಕಾಗಿಲ್ಲ. ಬರ್ಮಾ ಯುದ್ಧದ ನಿಜವಾದ ಸರದಾರ ಸ್ಟುಅರ್ಟ್, ಎಂ3 ಹಗುರ ಟ್ಯಾಂಕ್. ಅದರ ಕಿಟ್ ಸುಲಭವಾಗಿ ಸಿಗುತ್ತೆ. 1942ರಲ್ಲಿ ಬ್ರಿಟಿಷರು ಬರ್ಮಾದಿಂದ ಹಿಂದೆ ಸರಿದಾಗ ಜೊತೆಗಿದ್ದದ್ದು 7ನೇ ಆರ್ಮರ್ಡ್ ಬ್ರಿಗೇಡಿನ ಸ್ಟುಅರ್ಟ್‌ಗಳು. ಚಿಂದ್ವಿನ್ ನದಿ ದಾಟಿಸಲು ದಾರಿ ಇರಲಿಲ್ಲ. ಒಂದನ್ನು ಬಿಟ್ಟು ಎಲ್ಲವನ್ನೂ ಆಚೆ ದಡದಲ್ಲೇ ಬಿಟ್ಟು ಬರಬೇಕಾಯಿತು. ಹಾಗೆ ಕೈಗೆ ಸಿಕ್ಕ ಸ್ಟುಅರ್ಟ್‌ಗಳನ್ನು ಜಪಾನಿನ 14ನೇ ಟ್ಯಾಂಕ್ ರೆಜಿಮೆಂಟ್ ತನ್ನ ಹಾ-ಗೋಗಳ ಜೊತೆಗೇ ಓಡಿಸಿತು. ಅಂದರೆ ನಿಮ್ಮ ಜಪಾನೀ ಪಡೆಗೆ ಒಂದು ಸ್ಟುಅರ್ಟ್ ನಿಲ್ಲಿಸಿ, ಜಪಾನಿನ ಗುರುತು ಹಾಕಿದರೆ ಅದು ಸುಳ್ಳು ಜೋಡಣೆ ಅಲ್ಲ, ನಿಜವಾಗಿ ನಡೆದದ್ದೇ.

ನದಿ ದಾಟಿ ಬಂದ ಆ ಒಂದೇ ಒಂದು ಸ್ಟುಅರ್ಟಿನ ಹೆಸರು "ಕರ್ಸ್ ಆಫ್ ಸ್ಕಾಟ್‌ಲ್ಯಾಂಡ್". ಇಸ್ಪೀಟಿನ ಡೈಮಂಡ್ ಒಂಬತ್ತಕ್ಕೆ ಅಲ್ಲಿಯವರು ಕರೆಯುವ ಹೆಸರು ಅದು. ಮುಂದೆ ಅದರ ಮೇಲಿನ ತಿರುಗುವ ಗೋಪುರ ತೆಗೆದು, ನಮ್ಮ 7ನೇ ಲೈಟ್ ಕ್ಯಾವಲ್ರಿಯವರು ಕಮಾಂಡ್ ಗಾಡಿಯಾಗಿ ಬಳಸಿದರು. ಅದೇ ಟ್ಯಾಂಕ್ ವಾಪಸ್ ಬರ್ಮಾಕ್ಕೆ ಹೋಯಿತು. ಯುದ್ಧಕಾಲದ ಅಪರೂಪದ ಟ್ಯಾಂಕ್ ಬೇಕು ಅಂದರೆ ಇದಕ್ಕಿಂತ ಅಪರೂಪದ್ದು ಯಾವುದು? ಜಗತ್ತಿಗೆಲ್ಲ ಒಂದೇ ಇತ್ತು. ಅದನ್ನು ಮಾಡಲು ಬೇಕಿರುವುದು ಒಂದು ಸಾಮಾನ್ಯ ಸ್ಟುಅರ್ಟ್ ಕಿಟ್. ಗೋಪುರ ಅಂಟಿಸಬೇಡಿ. ಆ ದುಂಡು ಬಾಯಿಯ ಸುತ್ತ ತೆಳ್ಳನೆ ಪ್ಲಾಸ್ಟಿಕ್ ಹಾಳೆಯಿಂದ ಅಂಚು ಕಟ್ಟಿ, ಒಳಗೊಂದು ರೇಡಿಯೋ, ಅರ್ಧ ಮೈ ಕಾಣುವ ಒಬ್ಬ ಅಧಿಕಾರಿ. ಉಳಿದ ಗೋಪುರವನ್ನು ಎಸೆಯಬೇಡಿ, ಒಂದು ಬಂಕರಿನ ಮೇಲೆ ಕೂರಿಸಬಹುದು.

ಇದೇ 7ನೇ ಕ್ಯಾವಲ್ರಿಯ ಸ್ಟುಅರ್ಟ್‌ಗಳು 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆದಾರಿ ಹತ್ತಿದವು. ಹನ್ನೊಂದೂವರೆ ಸಾವಿರ ಅಡಿ ಎತ್ತರ, ಹಿಮ. ಗುಟ್ಟು ಉಳಿಸಲು ದಾರಿಯುದ್ದಕ್ಕೂ ಗೋಪುರ ಬಿಚ್ಚಿ ಸಾಗಿಸಿ, ಕೊನೆಗೆ ಮತ್ತೆ ಕೂರಿಸಿದರು. ಆ ಕಾರ್ಯಾಚರಣೆ ನಡೆಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಇಂಫಾಲಿಗೆ ಅಂತ ಕೊಂಡ ಸ್ಟುಅರ್ಟ್‌ಗಳು ನಿಮಗೆ ಮುಂದೆ ಜೋಜಿಲಾ ಆಟಕ್ಕೂ ಬರುತ್ತವೆ. ದುಡ್ಡಿನ ಲೆಕ್ಕದಲ್ಲೂ ಇದಕ್ಕಿಂತ ಒಳ್ಳೆ ಕಿಟ್ ನನಗೆ ಗೊತ್ತಿಲ್ಲ.

ನಿಮ್ಮ ಲೀ ಬಗ್ಗೆಯೂ ಒಂದು ಮಾತು. ಡಬ್ಬಿಯಲ್ಲಿ ಬಂದ ಹಾಗೆ ಅದರ ತಲೆಯ ಮೇಲೆ ಇನ್ನೊಂದು ಪುಟ್ಟ ಗುಮ್ಮಟ ಕೂರಿಸಿರುತ್ತೀರಿ, ಕಮಾಂಡರನ ಕ್ಯುಪೋಲಾ. ಬರ್ಮಾದ ಫೋಟೋಗಳಲ್ಲಿ ಹಲವು ಲೀಗಳ ಮೇಲೆ ಅದು ಇಲ್ಲ, ಬದಲಿಗೆ ಚಪ್ಪಟೆ ಮುಚ್ಚಳ ಇದೆ. ಅಂಟು ಒಣಗಿದ್ದರೂ ಸಣ್ಣ ಗರಗಸದಲ್ಲಿ ಕತ್ತರಿಸಿ ತೆಗೆಯಬಹುದು. ಯುರೋಪಿನಲ್ಲಿ 1944ರ ಹೊತ್ತಿಗೆ ಹಳತಾಗಿದ್ದ ಈ ಟ್ಯಾಂಕ್ ಬೆಟ್ಟದ ಬಂಕರ್ ಒಡೆಯಲು ಹೇಳಿ ಮಾಡಿಸಿದಂತಿತ್ತು. ಏಪ್ರಿಲ್ 13, 1944. ಇಂಫಾಲ್ ಹತ್ತಿರದ ನುನ್‌ಶಿಗುಮ್ ಬೆಟ್ಟದ ಕಡಿದಾದ ಬೆನ್ನಿನ ಮೇಲೆ ಬ್ರಿಟಿಷ್ ಟ್ಯಾಂಕ್ ಪಡೆಯಾದ 3ನೇ ಕಾರಬಿನಿಯರ್ಸ್‌ನ ಲೀಗಳು ಒಂದರ ಹಿಂದೊಂದು ಹತ್ತಿದವು. ಪಕ್ಕದಲ್ಲಿ ನಡೆದವರು 17ನೇ ಡೋಗ್ರಾ ರೆಜಿಮೆಂಟಿನ 1ನೇ ಬೆಟಾಲಿಯನ್. ದಾರಿ ನೋಡಲು ತಲೆ ಹೊರಗೆ ಹಾಕಿದ ಟ್ಯಾಂಕ್ ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಒಬ್ಬ ಸಾರ್ಜೆಂಟ್ ಮೇಜರ್ ಮತ್ತು ಡೋಗ್ರಾ ಸುಬೇದಾರರು ಸೇರಿ ಬೆಟ್ಟ ಗೆದ್ದರು. ನಿಮ್ಮ ಮೊದಲ ಆಟಕ್ಕೆ ನಾನು ಇದನ್ನೇ ಆರಿಸುತ್ತೇನೆ. ಈ ಕಾಳಗದಲ್ಲಿ ಜಪಾನಿನ ಟ್ಯಾಂಕೇ ಬೇಕಾಗಿಲ್ಲ! ಮೂರು ಲೀ, ಒಂದು ಬೆಟ್ಟ, ಬಂಕರ್, ಎರಡೂ ಕಡೆಯ ಕಾಲಾಳು. ಹಾ-ಗೋ ನಿಧಾನವಾಗಿ ಬರಲಿ.

ಹಾ-ಗೋ ಬಂದಾಗ ಅದಕ್ಕೆ ಬಣ್ಣ ಬಳಿಯುವ ಮೊದಲು ನಿಜವಾದದ್ದನ್ನು ನೋಡಬೇಕು ಅನ್ನಿಸಿದರೆ, ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) ಸೈನ್ಯದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಅಲ್ಲಿ ಹಾ-ಗೋ, ಚಿ-ಹಾ ಎರಡೂ ನಿಂತಿವೆ. ಹುಬ್ಬಳ್ಳಿಯಿಂದ ಒಂದು ರಾತ್ರಿಯ ಪ್ರಯಾಣ. ರಜೆಯಲ್ಲಿ ಮಗಳನ್ನೂ ಕರೆದುಕೊಂಡು ಹೋಗಿ. ಆ ಟ್ಯಾಂಕ್ ನಿಜಕ್ಕೂ ಎಷ್ಟು ಚಿಕ್ಕದು ಅಂತ ಪಕ್ಕದಲ್ಲಿ ನಿಂತಾಗಲೇ ತಿಳಿಯುವುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಸೈನಿಕರ ಗೊಂಬೆ ಇನ್ನೂ ಕೊಂಡಿಲ್ಲ, ಲೀ ಈಗಾಗಲೇ ಇದೆ. ಹಾಗಾಗಿ 1:72ರಲ್ಲೇ ಉಳಿಯುತ್ತಿದ್ದೆ. ಆ ಮೂರು ದುಬಾರಿ ಹಾ-ಗೋ ಬಿಡುತ್ತಿದ್ದೆ. ಇನ್ನೆರಡು ಲೀ, ಮೂರು ಸ್ಟುಅರ್ಟ್ ಕಿಟ್ ತರಿಸುತ್ತಿದ್ದೆ. ಹಾ-ಗೋ ಕಡತವನ್ನು ದುಡ್ಡು ಕೊಟ್ಟು ಇಳಿಸಿ, ಮೊದಲು ಒಂದೇ ಒಂದು ಪ್ರಿಂಟ್ ಮಾಡಿಸಿ, ಲೀ ಪಕ್ಕ ಇಟ್ಟು ನೋಡಿ, ಸರಿ ಅನ್ನಿಸಿದರೆ ಇನ್ನು ಮೂರು. ನಿಮ್ಮ ಗೆಳೆಯರಿಗೆ 28 ಎಂ.ಎಂ. ಮೇಲೇ ಮನಸ್ಸಿದ್ದರೆ ಮಾತ್ರ ಲೆಕ್ಕ ಬದಲಾಗುತ್ತೆ. ಆಗ ನಿಮ್ಮ ಲೀಯನ್ನು ಕಪಾಟಿಗೆ ಇಟ್ಟು, ಎಲ್ಲವನ್ನೂ 1:56ರಲ್ಲಿ ಹೊಸದಾಗಿ ಶುರು ಮಾಡಬೇಕು. ಅರ್ಧ ಅದು ಅರ್ಧ ಇದು ಬೇಡ.

ಮಗಳ ವಿಷಯ. ಬಣ್ಣ ಹಚ್ಚಿ ಮೇಲೆ ವಾರ್ನಿಷ್ ಬಳಿದ ಪ್ಲಾಸ್ಟಿಕ್ ಟ್ಯಾಂಕ್ ಅವಳು ಧಾರಾಳವಾಗಿ ಮುಟ್ಟಬಹುದು. ರೆಸಿನ್ ಉಜ್ಜುವಾಗ, ಸ್ಪ್ರೇ ಪ್ರೈಮರ್ ಹೊಡೆಯುವಾಗ, ಸೂಪರ್ ಗ್ಲೂ ಹಚ್ಚುವಾಗ ಆ ಕೋಣೆಯಲ್ಲಿ ಅವಳು ಇರಬಾರದು. ಹಳೇ ಲೋಹದ ಮಾದರಿ ಸೆಕೆಂಡ್ ಹ್ಯಾಂಡ್ ಕೊಂಡರೆ ಅದರಲ್ಲಿ ಸೀಸ ಇರಬಹುದು. ಅದನ್ನು ಅವಳ ಕೈಗೆ ಕೊಡಬೇಡಿ, ನೀವು ಮುಟ್ಟಿದ ಮೇಲೂ ಸಾಬೂನಿನಲ್ಲಿ ಕೈ ತೊಳೆಯಿರಿ. ಅವಳಿಗೂ ಒಂದು ಕೆಲಸ ಕೊಡಿ. ಕಿಟ್ ಬರಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ರಟ್ಟು ಕತ್ತರಿಸಿ ಟ್ಯಾಂಕ್ ಮಾಡಲಿ. 1:72ಕ್ಕೆ ಲೀ 78 ಮಿ.ಮೀ. ಉದ್ದ, 38 ಅಗಲ. ಸ್ಟುಅರ್ಟ್ 63 ಉದ್ದ, 31 ಅಗಲ. ಹಾ-ಗೋ 61 ಉದ್ದ, 29 ಅಗಲ. ಮೇಲಿನಿಂದ ನೋಡಿದ ಚಿತ್ರ ಬಿಡಿಸಿ ಬಣ್ಣ ತುಂಬಿದರೆ ಸಾಕು. ಈ ಭಾನುವಾರವೇ ನುನ್‌ಶಿಗುಮ್ ಆಡಬಹುದು.